ಮಳೆಗಾಲದ ಬೆಳಿಗ್ಗೆ ಕಿರುಚುವ ಬೆಲ್ಟ್: ಮನೆಯಲ್ಲೇ ಬದಲಿಸಬಹುದೇ?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. 2010ರ ಆಲ್ಟೋ ಇದೆ, 796 ಸಿಸಿಯದ್ದು. ಮೂರು ವರ್ಷದ ಹಿಂದೆ ಸೆಕೆಂಡ್‌ಹ್ಯಾಂಡ್ ಕೊಂಡೆ, ಈಗ 78,000 ಕಿ.ಮೀ. ಓಡಿದೆ. ಮಳೆ ಹಿಡಿದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಬಾನೆಟ್ ಒಳಗಿಂದ ಕೀಂಯ್ ಎಂದು ಜೋರಾಗಿ ಕಿರುಚುತ್ತದೆ. ಅರ್ಧ ನಿಮಿಷಕ್ಕೆ ನಿಲ್ಲುತ್ತದೆ, ಎಸಿ ಹಾಕಿದರೆ ಮತ್ತೆ ಶುರು. ಪಕ್ಕದ ಮನೆಯವರು ಬೆಲ್ಟಿಗೆ ಬಾರ್ ಸೋಪು ಉಜ್ಜಿ ಎಂದರು, ಇನ್ನೊಬ್ಬರು ಕೊಬ್ಬರಿ ಎಣ್ಣೆ ಬಿಡಿ ಎಂದರು. ಗ್ಯಾರೇಜಿನವರು ಎರಡೂ ಬೆಲ್ಟ್ ಬದಲಿಸಬೇಕು ಎನ್ನುತ್ತಾರೆ. ಆದರೆ ನಾನು ನೋಡಿದಂತೆ ಬೆಲ್ಟಿನಲ್ಲಿ ಒಂದು ಬಿರುಕೂ ಇಲ್ಲ. ಪಂಪ್‌ಸೆಟ್, ಟಿಲ್ಲರ್ ನಾನೇ ಬಿಚ್ಚಿ ಜೋಡಿಸುತ್ತೇನೆ, ಸ್ಪ್ಯಾನರ್ ಸೆಟ್ ಇದೆ. ಇದನ್ನೂ ಮನೆಯಲ್ಲೇ ಮಾಡಬಹುದೇ? ಬೆಲ್ಟ್ ತೆಗೆದರೆ ಎಂಜಿನ್ ಟೈಮಿಂಗ್ ತಪ್ಪುತ್ತದೆ ಎಂದು ಹೆದರಿಸುತ್ತಾರೆ, ನಿಜವೇ? ಆಗಾಗ ಹೊನ್ನಾವರಕ್ಕೆ ಘಟ್ಟ ಇಳಿಯಬೇಕಾಗುತ್ತದೆ. ದಾರಿಯಲ್ಲಿ ಬೆಲ್ಟ್ ಹರಿದರೆ ಏನು ಮಾಡಬೇಕು?

ಉತ್ತರ: ಟಿಲ್ಲರ್ ಬಿಚ್ಚಿ ಜೋಡಿಸುವವರಿಗೆ ಈ ಕೆಲಸ ಖಂಡಿತ ಸಾಧ್ಯ. ನಿಧಾನವಾಗಿ ಮಾಡಿದರೂ ಒಂದು ಮಧ್ಯಾಹ್ನ ಸಾಕು. ಆದರೆ ಹೊಸ ಬೆಲ್ಟ್ ಹಾಕಿದ ಮಾತ್ರಕ್ಕೆ ಸದ್ದು ನಿಂತೇ ನಿಲ್ಲುತ್ತದೆ ಎಂದುಕೊಳ್ಳಬೇಡಿ. ಬೆಲ್ಟ್ ಜಾರಿದಾಗ ಕಿರುಚುತ್ತದೆ. ಅದು ಏಕೆ ಜಾರುತ್ತಿದೆ ಎಂದು ಮೊದಲು ಪತ್ತೆ ಮಾಡದಿದ್ದರೆ ಹೊಸದೂ ತಿಂಗಳೊಳಗೆ ಅದೇ ರಾಗ ತೆಗೆಯುತ್ತದೆ.

ಟೈಮಿಂಗ್ ಭಯವನ್ನು ಮೊದಲು ಬಿಡಿಸೋಣ. ಹೊರಗೆ ಕಣ್ಣಿಗೆ ಕಾಣುವ ಎರಡು ಬೆಲ್ಟುಗಳಲ್ಲಿ ಒಂದು ಆಲ್ಟರ್ನೇಟರ್ (ನಮ್ಮ ಕಡೆ ಡೈನಮೋ ಎನ್ನುವುದು ಇದನ್ನೇ) ಮತ್ತು ವಾಟರ್ ಪಂಪನ್ನು ತಿರುಗಿಸುತ್ತದೆ, ಇನ್ನೊಂದು ಎಸಿ ಕಂಪ್ರೆಸರನ್ನು. ಇವನ್ನು ತೆಗೆದು ಹಾಕಿದರೆ ಟೈಮಿಂಗ್ ಕೂದಲೆಳೆಯಷ್ಟೂ ಅಲುಗದು. ಎಂಜಿನ್ ವಾಲ್ವ್‌ಗಳು ತಕ್ಕ ಕ್ಷಣಕ್ಕೆ ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಟೈಮಿಂಗ್ ಬೆಲ್ಟ್ ಬೇರೆಯೇ. ಅದು ಪ್ಲಾಸ್ಟಿಕ್ ಕವರಿನ ಒಳಗೆ ಹಲ್ಲುಗಳ ಮೇಲೆ ಕೂತಿರುತ್ತದೆ. ಆ ಕವರ್ ಬಿಚ್ಚದಿದ್ದರೆ ಹೆದರುವಂಥದ್ದೇನೂ ಇಲ್ಲ.

ಇನ್ನು ಬಿರುಕು. ಬಿರುಕಿಲ್ಲದಿದ್ದರೆ ಬೆಲ್ಟ್ ಚೆನ್ನಾಗಿದೆ ಎಂಬ ಲೆಕ್ಕ ಹಳೆಯ ನಿಯೋಪ್ರೀನ್ ರಬ್ಬರಿನ ಕಾಲದ್ದು. ಆ ರಬ್ಬರು ಹಳತಾದಂತೆ ಬಿರುಕು ಬಿಡುತ್ತಿತ್ತು. ಈಗಿನ ಒಳ್ಳೆಯ ಬೆಲ್ಟುಗಳು ಇಪಿಡಿಎಂ ರಬ್ಬರಿನವು. ಇವು ಬಿರುಕು ಬಿಡುವುದು ಅಪರೂಪ, ಟೈರಿನಂತೆ ಸವೆಯುತ್ತವೆ. ಸವೆದಂತೆ ಬೆಲ್ಟ್ ಪುಲ್ಲಿಯ ಗ್ರೂವ್‌ನೊಳಗೆ ಆಳಕ್ಕೆ ಇಳಿಯುತ್ತದೆ, ಬದಿಗಳ ಹಿಡಿತ ಕಡಿಮೆಯಾಗುತ್ತದೆ. ನೋಡಲು ಹೊಸದರಂತೆ ಕಂಡರೂ ಜಾರುತ್ತದೆ. ಆದ್ದರಿಂದ ನೀವು ನೋಡಬೇಕಾದ ಗುರುತುಗಳು ಬೇರೆ. ನಿಮ್ಮದು ಅಗಲ ಕಿರಿದಾದ ಒಂದೇ ಏಣಿನ ವಿ-ಬೆಲ್ಟ್ ಆಗಿದ್ದರೆ, ಅದರ ಮೇಲ್ಮೈ ಪುಲ್ಲಿಯ ಅಂಚಿಗೆ ಸಮನಾಗಿ ಅಥವಾ ತುಸು ಮೇಲಿರಬೇಕು. ಅಂಚಿಗಿಂತ ಕೆಳಗಿಳಿದಿದ್ದರೆ, ಗ್ರೂವ್‌ನ ತಳ ಪಳಪಳ ಹೊಳೆಯುತ್ತಿದ್ದರೆ, ಬೆಲ್ಟ್ ತಳಕ್ಕೆ ತಾಗುತ್ತಿದೆ ಎಂದರ್ಥ; ಅದರ ಆಯಸ್ಸು ಮುಗಿದಿದೆ. ಉದ್ದಕ್ಕೂ ಮೂರು ನಾಲ್ಕು ಏಣುಗಳಿರುವ ಚಪ್ಪಟೆ ಬೆಲ್ಟಾದರೆ ಏಣುಗಳ ತುದಿ ಚೂಪಾಗಿದೆಯೇ, ನಡುವಿನ ಸಂದು ಅಗಲವಾಗಿದೆಯೇ ನೋಡಿ. ಎರಡರಲ್ಲೂ ಬದಿಗಳು ಗಾಜಿನಂತೆ ಮಿರುಗುವುದು, ಅಂಚಿನಲ್ಲಿ ನೂಲು ಎದ್ದಿರುವುದು, ರಬ್ಬರ್ ಚೂರು ಕಿತ್ತಿರುವುದು, ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗಿರುವುದು ಕಂಡರೆ ಯೋಚನೆ ಬೇಡ, ಬದಲಿಸಿ.

ಸೋಪು, ಕೊಬ್ಬರಿ ಎಣ್ಣೆ, ಗ್ರೀಸು, ಪೌಡರು, ಅಂಗಡಿಯಲ್ಲಿ ಸಿಗುವ ಬೆಲ್ಟ್ ಸ್ಪ್ರೇ ಯಾವುದನ್ನೂ ಹಾಕಬೇಡಿ. ಹಾಕಿದೊಡನೆ ಸದ್ದು ನಿಲ್ಲುವುದು ನಿಜ, ಅದಕ್ಕೇ ಈ ಉಪಾಯ ಬಾಯಿಂದ ಬಾಯಿಗೆ ಹೋಗುತ್ತದೆ. ಆದರೆ ಎಣ್ಣೆ ಹಾಕಿದಾಗ ಬೆಲ್ಟ್ ಜಾರುವುದು ನಿಲ್ಲುವುದಿಲ್ಲ, ಸದ್ದಿಲ್ಲದೆ ಜಾರತೊಡಗುತ್ತದೆ. ಜಾರಿದಷ್ಟೂ ಬಿಸಿಯಾಗುತ್ತದೆ, ಬಿಸಿಗೆ ರಬ್ಬರ್ ಗಟ್ಟಿಯಾಗಿ ಮಿರುಗುತ್ತದೆ, ಮುಂದೆ ಇನ್ನಷ್ಟು ಜಾರುತ್ತದೆ. ವಾಟರ್ ಪಂಪ್ ನಿಧಾನವಾದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಸೋಪು ಒಣಗಿ ಗ್ರೂವ್‌ನಲ್ಲಿ ಪದರ ಕಟ್ಟುತ್ತದೆ. ಅಂಟು ಸ್ಪ್ರೇ ಮಲೆನಾಡಿನ ಕೆಮ್ಮಣ್ಣನ್ನೆಲ್ಲ ಎಳೆದುಕೊಂಡು ಬೆಲ್ಟ್, ಪುಲ್ಲಿ ಎರಡನ್ನೂ ಉಜ್ಜಿ ತಿನ್ನುತ್ತದೆ.

ಸದ್ದು ಎಲ್ಲಿಂದ ಬರುತ್ತಿದೆ?

ಬೆಳಿಗ್ಗೆಯೇ ಕಿರುಚಲು ಕಾರಣವಿದೆ. ಸ್ಟಾರ್ಟರ್ ತಿರುಗಿಸಿ ಬ್ಯಾಟರಿ ತುಸು ಇಳಿದಿರುತ್ತದೆ. ಅದನ್ನು ತುಂಬಲು ಆಲ್ಟರ್ನೇಟರ್ ಪೂರ್ತಿ ಶಕ್ತಿಯಿಂದ ಕೆಲಸ ಮಾಡುತ್ತದೆ, ಅಂದರೆ ಅದನ್ನು ತಿರುಗಿಸುವುದು ಭಾರವಾಗುತ್ತದೆ. ಬೆಲ್ಟ್ ಮಾತ್ರ ರಾತ್ರಿಯ ಥಂಡಿಗೆ ಒದ್ದೆಯಾಗಿರುತ್ತದೆ. ಬಿಗಿ ಸರಿಯಿದ್ದರೆ ಇಷ್ಟಕ್ಕೆ ಜಾರಬಾರದು. ಅರ್ಧ ನಿಮಿಷ ಕಿರುಚುತ್ತದೆ ಎಂದರೆ ಬೆಲ್ಟ್ ಸಡಿಲವಾಗಿದೆ, ಸವೆದಿದೆ ಅಥವಾ ಅದರ ಮೇಲೆ ಏನೋ ಚೆಲ್ಲಿದೆ.

ಎಸಿ ಆಫ್ ಇಟ್ಟು ಸ್ಟಾರ್ಟ್ ಮಾಡಿ. ಆಗಲೂ ಕಿರುಚಿದರೆ ಆಲ್ಟರ್ನೇಟರ್ ಬೆಲ್ಟು. ಹೆಡ್‌ಲೈಟ್ ಹೈಬೀಮ್‌ಗೆ ಹಾಕಿ ಬ್ಲೋವರ್ ಪೂರ್ತಿ ತಿರುಗಿಸಿದಾಗ ಹೆಚ್ಚಾದರೆ ಅದು ಖಾತ್ರಿ. ಎಸಿ ಒತ್ತಿದಾಗ ಕಂಪ್ರೆಸರ್ ಕ್ಲಚ್ ಟಕ್ ಎಂದು ಹಿಡಿದ ಕ್ಷಣವೇ ಬರುವ ಕಿರುಚು ಎಸಿ ಬೆಲ್ಟಿನದ್ದು. ನಿಮ್ಮ ವಿವರಣೆ ನೋಡಿದರೆ ಎರಡೂ ಜಾರುತ್ತಿರುವಂತಿದೆ.

ಇನ್ನೊಂದು ಪರೀಕ್ಷೆ ನೀರಿನದ್ದು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಸ್ಪ್ರೇ ಬಾಟಲಿಯಿಂದ ದೂರದಲ್ಲಿ ನಿಂತು ಬೆಲ್ಟಿನ ಒಳಬದಿಗೆ ಒಂದೆರಡು ಸಲ ನೀರು ಸಿಂಪಡಿಸಿ. ಹೆಗಲ ಟವೆಲ್, ಲುಂಗಿಯ ತುದಿ, ತೂಗಾಡುವ ಸರ ಯಾವುದೂ ಬೆಲ್ಟಿನ ಹತ್ತಿರ ಹೋಗಬಾರದು. ನೀರು ಬಿದ್ದೊಡನೆ ಸದ್ದು ಹೆಚ್ಚಾದರೆ ಬೆಲ್ಟ್ ಜಾರುತ್ತಿದೆ, ಬಿಗಿ ಸಾಲದು. ಕೆಲವು ಕ್ಷಣ ನಿಂತು ಮತ್ತೆ ಬಂದರೆ ಪುಲ್ಲಿಗಳು ಒಂದೇ ಸಾಲಿನಲ್ಲಿಲ್ಲ. ಸಾಲು ತಪ್ಪಿದ ಬೆಲ್ಟಿನ ಸದ್ದೂ ಬೇರೆ: ಹಕ್ಕಿಯ ಹಾಗೆ ಕಿಚ್ ಕಿಚ್ ಎಂದು ತಾಳಕ್ಕೆ ಬರುತ್ತದೆ, ಐಡ್ಲಿಂಗ್‌ನಲ್ಲಿ ಹೆಚ್ಚು ಕೇಳಿಸುತ್ತದೆ. ನೀರಿಗೆ ಏನೂ ಬದಲಾಗದೆ ಗರಗರ ಎನ್ನುತ್ತಿದ್ದರೆ ಯಾವುದೋ ಬೇರಿಂಗ್ ಹೋಗಿದೆ, ಹೊಸ ಬೆಲ್ಟ್ ಹಾಕಿದರೂ ಅದು ಹಾಗೆಯೇ ಇರುತ್ತದೆ.

ಸಾಮಾನು ತರುವಾಗ

ಬೆಲ್ಟಿನ ಬೆನ್ನಿನ ಮೇಲೆ ನಂಬರ್ ಇರುತ್ತದೆ. 4ಪಿಕೆ 850 ಎಂದಿದ್ದರೆ ನಾಲ್ಕು ಏಣು, 850 ಮಿ.ಮೀ. ಉದ್ದ ಎಂದರ್ಥ. ವಿ-ಬೆಲ್ಟಾದರೆ ಮೊದಲ ಅಂಕಿ ಮೇಲಿನ ಅಗಲ, ಮುಂದಿನದು ಉದ್ದ. ಅಕ್ಷರ ಅಳಿಸಿದ್ದರೆ ದಾರ ಹಿಡಿದು ಅಳೆಯಬೇಡಿ. ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಕೊಟ್ಟರೆ ಕಂಪನಿ ಸ್ಪೇರ್ಸ್ ಕೌಂಟರಿನಲ್ಲಿ ಸರಿಯಾದ ನಂಬರ್ ತೆಗೆದು ಕೊಡುತ್ತಾರೆ. ಗೇಟ್ಸ್, ಕಾಂಟಿಟೆಕ್, ಫೆನ್ನರ್, ಮಿಟ್ಸುಬೋಷಿಯಂಥ ಹೆಸರುಗಳಲ್ಲೂ ಸಿಗುತ್ತವೆ. ಯಾವುದಾದರೂ ಸರಿ, ಬಿಲ್ ಕೊಡುವ ಅಂಗಡಿಯಲ್ಲಿ ತನ್ನಿ. “ಸ್ವಲ್ಪ ಗಿಡ್ಡ ಇದೆ, ಎಳೆದು ಹಾಕಿ, ನಡೆಯುತ್ತೆ” ಎಂದರೆ ಬೇಡ ಎನ್ನಿ. ತರುವಾಗ ಬೆಲ್ಟನ್ನು ಮಡಚಬಾರದು, ಒಳಗಿನ ನೂಲು ಮುರಿಯುತ್ತದೆ.

ಎರಡನ್ನೂ ಒಟ್ಟಿಗೆ ಬದಲಿಸಿ ಎಂದ ಗ್ಯಾರೇಜಿನವರ ಮಾತು ಸರಿ. ಒಳಗಿನದನ್ನು ತೆಗೆಯಲು ಹೊರಗಿನದನ್ನು ಬಿಚ್ಚಲೇಬೇಕು, ಎರಡಕ್ಕೂ ಒಂದೇ ವಯಸ್ಸು. ಒಂದನ್ನಷ್ಟೇ ಬದಲಿಸಿ ಉಳಿಸುವುದು ಕೆಲವು ನೂರು ರೂಪಾಯಿ ಮಾತ್ರ.

ಬಿಚ್ಚುವುದು

ಎಂಜಿನ್ ಪೂರ್ತಿ ಆರಿರಲಿ. ಸಮತಟ್ಟು ಜಾಗ, ಹ್ಯಾಂಡ್‌ಬ್ರೇಕ್, ನ್ಯೂಟ್ರಲ್, ಹಿಂದಿನ ಚಕ್ರಕ್ಕೆ ಕಲ್ಲು. ಕೀ ಜೇಬಿನಲ್ಲಿ. ಆಮೇಲೆ 10ರ ಸ್ಪ್ಯಾನರಿನಿಂದ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕೆ ಸರಿಸಿ. ಇದನ್ನು ಎಷ್ಟೋ ಜನ ಬಿಡುತ್ತಾರೆ, ಬಿಡಬಾರದು. ಆಲ್ಟರ್ನೇಟರಿನ ಹಿಂದಿರುವ ದಪ್ಪ ವೈರು ನೇರ ಬ್ಯಾಟರಿಯಿಂದ ಬರುತ್ತದೆ, ಕೀ ತೆಗೆದರೂ ಅದರಲ್ಲಿ ಕರೆಂಟ್ ಇರುತ್ತದೆ. ಸ್ಪ್ಯಾನರ್ ಆ ಟರ್ಮಿನಲ್‌ಗೂ ಬಾಡಿಗೂ ಒಮ್ಮೆ ತಾಗಿದರೆ ಕಿಡಿ ಹಾರಿ ಕೈ ಸುಡುತ್ತದೆ, ವೈರಿಂಗ್ ಕೂಡ ಸುಡಬಹುದು.

ಮೇಲಿನಿಂದ ಕೈ ಹೋಗದಿದ್ದರೆ ಬೆಲ್ಟ್ ಇರುವ ಬದಿಯ ಮುಂದಿನ ಚಕ್ರ ತೆಗೆದು, ಒಳಗಿನ ಪ್ಲಾಸ್ಟಿಕ್ ಮಡ್‌ಗಾರ್ಡ್ ಬಿಚ್ಚಿದರೆ ಕೆಳಗಿನ ಪುಲ್ಲಿ ಎದುರಿಗೇ ಸಿಗುತ್ತದೆ. ಆಗ ಜಾಕಿಯೊಂದನ್ನೇ ನಂಬಬೇಡಿ. ಜಾಕ್ ಸ್ಟ್ಯಾಂಡ್ ಇಲ್ಲದಿದ್ದರೆ ಚಾಸಿಸ್ ಅಡಿಗೆ ದಪ್ಪ ಮರದ ದಿಮ್ಮಿ ಕೊಡಿ. ಆ ಪ್ಲಾಸ್ಟಿಕ್ ನಿಮ್ಮ ಕಾರಿನಲ್ಲಿ ಇದೆಯೇ ಎಂಬುದನ್ನೂ ನೋಡಿ. ಹಳೆಯ ಕಾರುಗಳಲ್ಲಿ ಮುರಿದು ಬಿದ್ದದ್ದನ್ನು ಯಾರೂ ಮತ್ತೆ ಹಾಕಿಸಿರುವುದಿಲ್ಲ. ತೋಟದ ದಾರಿಯ ಕೆಸರು ಚಕ್ರದಿಂದ ನೇರ ಬೆಲ್ಟಿಗೆ ಎರಚುತ್ತದೆ. ಮಳೆಗಾಲಕ್ಕೇ ಸದ್ದು ಶುರುವಾದ ನಿಮ್ಮ ಕಾರಿನಲ್ಲಿ ನನಗೆ ಮೊದಲ ಅನುಮಾನ ಇದರ ಮೇಲೆಯೇ.

ಬೆಲ್ಟ್ ಸುತ್ತಿರುವ ದಾರಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಹೊರಗಿನ ಬೆಲ್ಟ್ ಮೊದಲು. ಎಸಿ ಬೆಲ್ಟಿನ ಬಿಗಿಯನ್ನು ಐಡ್ಲರ್ ಪುಲ್ಲಿ (ಬೆಲ್ಟನ್ನು ಬಿಗಿ ಹಿಡಿಯಲಷ್ಟೇ ಇರುವ ಪುಲ್ಲಿ) ಸರಿಸಿ ಅಥವಾ ಕಂಪ್ರೆಸರನ್ನೇ ಸರಿಸಿ ಹೊಂದಿಸುವ ಏರ್ಪಾಡು ಇರುತ್ತದೆ. ಅದರ ಬೋಲ್ಟ್ ಸಡಿಲಿಸಿದರೆ ಸಾಕು, ಗ್ಯಾಸ್ ಪೈಪುಗಳನ್ನು ಮುಟ್ಟಬೇಡಿ. ಆಲ್ಟರ್ನೇಟರಿಗೆ ಒಂದು ಕಡೆ ತಿರುಗಣಿ ಬೋಲ್ಟ್, ಇನ್ನೊಂದು ಕಡೆ ಉದ್ದ ಸೀಳಿರುವ ಪಟ್ಟಿಯಲ್ಲಿ ಹೊಂದಿಸುವ ಬೋಲ್ಟ್. ಸಾಮಾನ್ಯವಾಗಿ 12 ಮತ್ತು 14ರ ಸ್ಪ್ಯಾನರ್ ಬೇಕಾಗುತ್ತದೆ. ಎರಡನ್ನೂ ಸಡಿಲಿಸಿ, ಕಳಚಬೇಡಿ. ಆಲ್ಟರ್ನೇಟರನ್ನು ಎಂಜಿನ್ ಕಡೆಗೆ ತಳ್ಳಿದರೆ ಬೆಲ್ಟ್ ತಾನೇ ಕೈಗೆ ಬರುತ್ತದೆ. ತಿರುಗಣಿ ಬೋಲ್ಟ್ ಸಡಿಲಿಸದೆ ಮೇಲಿನದನ್ನಷ್ಟೇ ಸಡಿಲಿಸಿ ಹೊಡೆದು ತಳ್ಳಿದರೆ ಅಲ್ಯೂಮಿನಿಯಂ ಕಿವಿ ಸೀಳುತ್ತದೆ. ತುಕ್ಕು ಹಿಡಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಲು ಗಂಟೆ ಬಿಡಿ. ಎಣ್ಣೆ ಪುಲ್ಲಿಗೆ ತಾಗದಂತೆ ಬಟ್ಟೆ ಮುಚ್ಚಿ.

ಬೆಲ್ಟ್ ಕಳಚಿದಾಗ ಸಿಗುವ ಹತ್ತು ನಿಮಿಷ ಇಡೀ ಕೆಲಸದಲ್ಲೇ ಬೆಲೆಯುಳ್ಳದ್ದು. ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ. ನುಣ್ಣಗೆ, ಸದ್ದಿಲ್ಲದೆ ತಿರುಗಬೇಕು. ಮರಳು ಸಿಕ್ಕಿದಂತೆ ಗರಗರ ಎಂದರೆ ಬೇರಿಂಗ್ ಹೋಗಿದೆ. ವಾಟರ್ ಪಂಪ್ ಪುಲ್ಲಿಯನ್ನು ಎರಡೂ ಬದಿ ಹಿಡಿದು ಅಲುಗಿಸಿ, ಆಟ ಇರಬಾರದು. ಪಂಪಿನ ಅಡಿಯ ಸಣ್ಣ ರಂಧ್ರದ ಸುತ್ತ ಕೂಲೆಂಟ್ ಒಣಗಿದ ಬಿಳಿ ಅಥವಾ ಹಸಿರು ಪದರ ಕಂಡರೆ ಪಂಪ್ ಸೋರುತ್ತಿದೆ, ನಿಮ್ಮ ಬೆಲ್ಟ್ ಕಿರುಚಲು ಅದೇ ಕಾರಣವಿರಬಹುದು. ಆಗ ಹೊಸ ಬೆಲ್ಟನ್ನು ಮನೆಯಲ್ಲಿ ಹಾಕಲು ಹೋಗಬೇಡಿ. ಪಂಪ್ ಜೊತೆಗೇ ಗ್ಯಾರೇಜಿನಲ್ಲಿ ಹಾಕಿಸಿ. ಎಂಜಿನ್ನಿನ ಮೇಲಿನ ಕವರಿನಿಂದ, ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ಶಾಫ್ಟ್) ಸೀಲಿನಿಂದ ಆಯಿಲ್ ಇಳಿಯುತ್ತಿದ್ದರೂ ಹಾಗೆಯೇ: ಸೋರಿಕೆ ಮೊದಲು, ಬೆಲ್ಟ್ ಆಮೇಲೆ.

ಗ್ರೂವ್‌ಗಳನ್ನು ಗಟ್ಟಿ ಬ್ರಷ್, ಸೋಪು ನೀರಿನಿಂದ ತಿಕ್ಕಿ ತೊಳೆದು ಪೂರ್ತಿ ಒಣಗಿಸಿ. ತುಕ್ಕಿದ್ದರೆ ನಯವಾದ ಎಮರಿ ಕಾಗದ ಆಡಿಸಿ. ಅಂಚು ಮುಕ್ಕಾದ ಪುಲ್ಲಿ ಹೊಸ ಬೆಲ್ಟನ್ನು ಚಾಕುವಿನಂತೆ ಕೊಯ್ಯುತ್ತದೆ, ಅದನ್ನು ಉಳಿಸಿಕೊಳ್ಳಬೇಡಿ. ಉದ್ದ ಉಕ್ಕಿನ ಸ್ಕೇಲ್ ಅನ್ನು ಎರಡು ಪುಲ್ಲಿಗಳ ಮುಖಕ್ಕೆ ಹಿಡಿದು ಗ್ರೂವ್‌ಗಳು ಒಂದೇ ಗೆರೆಯಲ್ಲಿವೆಯೇ ನೋಡಿ. ಹಿಂದೆ ಯಾರೋ ಆಲ್ಟರ್ನೇಟರ್ ಬಿಚ್ಚಿ ಹಾಕುವಾಗ ಒಂದು ವಾಷರ್ ಬಿಟ್ಟಿದ್ದರೂ ಸಾಲು ತಪ್ಪುತ್ತದೆ.

ಹಾಕುವುದು, ಬಿಗಿ ಹಿಡಿಯುವುದು

ಹೊಸ ಬೆಲ್ಟನ್ನು ಕೈಯಿಂದಲೇ ಕೂರಿಸಬೇಕು. ಸ್ಕ್ರೂಡ್ರೈವರ್ ಕೊಟ್ಟು ಮೀಟಿ ಹತ್ತಿಸಿದರೆ ಒಳಗಿನ ನೂಲು ಹರಿಯುತ್ತದೆ. ಹೊರಗೆ ಏನೂ ಕಾಣದು, ಕೆಲವೇ ವಾರಗಳಲ್ಲಿ ಬೆಲ್ಟ್ ಸೀಳುತ್ತದೆ. ಏಣಿನ ಬೆಲ್ಟಾದರೆ ಪ್ರತಿ ಏಣೂ ತನ್ನ ಗ್ರೂವ್‌ನಲ್ಲೇ ಕೂತಿದೆಯೇ ಎಂದು ಪುಲ್ಲಿಯ ಹಿಂಬದಿಗೂ ಬೆರಳಾಡಿಸಿ ನೋಡಿ. ಒಂದು ಏಣು ಹೊರಗುಳಿದರೂ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೆಲ್ಲ ಅಂಚು ಕಿತ್ತುಬರುತ್ತದೆ.

ಬಿಗಿ ಮಾಡಲು ಆಲ್ಟರ್ನೇಟರಿನ ಮುಂಭಾಗದ ದಪ್ಪ ಎರಕಕ್ಕೆ ಗುದ್ದಲಿ ಕಾವಿನಂಥ ಮರದ ತುಂಡು ಕೊಟ್ಟು ಮೀಟಿ. ಹಿಂಭಾಗಕ್ಕೆ, ರೇಡಿಯೇಟರಿಗೆ, ಮೇಲಿನ ಕವರಿಗೆ ಊರುಗೋಲು ಕೊಡಬೇಡಿ. ಮೀಟಿ ಹಿಡಿದುಕೊಂಡೇ ಮೊದಲು ಹೊಂದಿಸುವ ಬೋಲ್ಟ್, ಆಮೇಲೆ ತಿರುಗಣಿ ಬೋಲ್ಟ್ ಬಿಗಿ ಮಾಡಿ. ನಂತರ ಅತಿ ಉದ್ದದ ಭಾಗದ ನಡುವೆ ಹೆಬ್ಬೆರಳಿನಿಂದ ಚೆನ್ನಾಗಿ ಒತ್ತಿ ನೋಡಿ. ಎರಡು ಪುಲ್ಲಿಗಳ ನಡುವೆ 18ರಿಂದ 28 ಸೆಂ.ಮೀ. ಅಂತರವಿದ್ದರೆ ಸುಮಾರು 6 ಮಿ.ಮೀ., 30ರಿಂದ 40 ಸೆಂ.ಮೀ. ಇದ್ದರೆ ಸುಮಾರು 12 ಮಿ.ಮೀ. ತಗ್ಗಬೇಕು. ನಿಮ್ಮ ಕಾರಿನ ಮ್ಯಾನ್ಯುವಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಪ್ರಮಾಣ.

ಇಲ್ಲಿ ಹೆಚ್ಚಿನವರು ತಪ್ಪುವುದು ಸಡಿಲ ಬಿಟ್ಟು ಅಲ್ಲ, ತಂತಿಯಂತೆ ಬಿಗಿದು. ಕಿರುಚುವುದು ನಿಲ್ಲಲಿ ಎಂದು ಬಲವಾಗಿ ಎಳೆಯುತ್ತಾರೆ. ಸದ್ದು ನಿಲ್ಲುತ್ತದೆ, ಆದರೆ ಆ ಎಳೆತವೆಲ್ಲ ಆಲ್ಟರ್ನೇಟರ್ ಮತ್ತು ವಾಟರ್ ಪಂಪಿನ ಬೇರಿಂಗ್ ಮೇಲೆ ಬಿದ್ದು, ಕೆಲವು ತಿಂಗಳಲ್ಲಿ ಪಂಪಿನ ಸೀಲ್ ಸೋರಲು ಶುರುವಾಗುತ್ತದೆ. ಬೆಲ್ಟ್ ಉಳಿಸಲು ಹೋಗಿ ಪಂಪ್ ಕಳೆದುಕೊಂಡಂತೆ. ಹೊಸ ಬೆಲ್ಟ್ ಹಾಕಿದ ಮೇಲೆ ಊಳಿಡುವಂಥ ಸಣ್ಣ ಸದ್ದು ಬಂದರೆ ಬಿಗಿ ಅತಿಯಾಗಿದೆ, ಕೂಡಲೇ ಸಡಿಲಿಸಿ.

ಕೆಳಗಿನ ಪುಲ್ಲಿಯ ನಡುವಿನ ಕ್ರ್ಯಾಂಕ್ ಬೋಲ್ಟಿಗೆ ಸಾಕೆಟ್ ಹಾಕಿ ಎಂಜಿನ್ ಓಡುವ ದಿಕ್ಕಿನಲ್ಲೇ ಎರಡು ಸುತ್ತು ತಿರುಗಿಸಿ, ಬೆಲ್ಟ್ ನೇರ ಓಡುತ್ತದೆಯೇ ನೋಡಿ. ಒಳಗೆ ಸ್ಪ್ಯಾನರ್, ಬಟ್ಟೆ ಏನೂ ಉಳಿದಿಲ್ಲ ಎಂದು ಖಾತ್ರಿ ಮಾಡಿಕೊಂಡು ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ. ಮಲ್ಟಿಮೀಟರ್ ಇದ್ದರೆ ಬ್ಯಾಟರಿಯ ಎರಡು ಟರ್ಮಿನಲ್‌ಗೆ ಹಿಡಿಯಿರಿ: ಹೆಡ್‌ಲೈಟ್ ಹಾಕಿದಾಗಲೂ ಸುಮಾರು 13.8ರಿಂದ 14.5 ವೋಲ್ಟ್ ಬರಬೇಕು. ಎಲ್ಲ ಲೋಡ್ ಹಾಕಿ ಹತ್ತು ಹದಿನೈದು ನಿಮಿಷ ಓಡಿಸಿ, ಆಫ್ ಮಾಡಿ, ಆರಿದ ಮೇಲೆ ಬಿಗಿಯನ್ನು ಮತ್ತೆ ನೋಡಿ. ಹೊಸ ಬೆಲ್ಟ್ ಗ್ರೂವ್‌ನಲ್ಲಿ ಕೂತು ತುಸು ಸಡಿಲಾಗುವುದು ಸಹಜ. 300 ಕಿ.ಮೀ. ಆಸುಪಾಸಿನಲ್ಲಿ ಇನ್ನೊಮ್ಮೆ ನೋಡಿ. ಈ ಎರಡನೇ ಸಲ ನೋಡದ ಕಾರಣಕ್ಕೇ “ಹೊಸ ಬೆಲ್ಟೂ ಕಿರುಚುತ್ತದೆ, ಡೂಪ್ಲಿಕೇಟ್ ಕೊಟ್ಟರು” ಎಂಬ ದೂರುಗಳು ಬರುವುದು.

ಬೇರೆ ಕಾರಿನವರೂ ಇದನ್ನು ಓದುತ್ತೀರಿ, ಅದಕ್ಕೆ ಒಂದು ಮಾತು. ಅನೇಕ ಹೊಸ ಕಾರುಗಳಲ್ಲಿ ಬೆಲ್ಟನ್ನು ತಾನೇ ಬಿಗಿ ಹಿಡಿಯುವ ಸ್ಪ್ರಿಂಗ್ ಟೆನ್ಷನರ್ ಇರುತ್ತದೆ, ಅಲ್ಲಿ ಬಿಗಿ ಹೊಂದಿಸುವ ಮಾತಿಲ್ಲ. ಸದ್ದು ಬಂದರೆ ಟೆನ್ಷನರ್ ಸೋತಿದೆಯೇ ನೋಡಬೇಕು. ಕೆಲವು ಕಾರುಗಳಲ್ಲಿ ಟೆನ್ಷನರೂ ಇಲ್ಲದ ಹಿಗ್ಗುವ ಬೆಲ್ಟ್ ಇರುತ್ತದೆ. ಅದನ್ನು ಕತ್ತರಿಸಿ ತೆಗೆದು ವಿಶೇಷ ಟೂಲಿನಿಂದಲೇ ಹೊಸದು ಹಾಕಬೇಕು, ತೆಗೆದದ್ದು ಮತ್ತೆ ಬಾರದು. ಡಸ್ಟರ್‌ನಲ್ಲಿ ಬಂದ 1.5 ಲೀಟರ್ ರೆನೋ ಡೀಸೆಲ್ ಎಂಜಿನ್ ಇರುವವರು ಹೊರಗಿನ ಬೆಲ್ಟಿನ ನೂಲು ಎದ್ದದ್ದು ಕಂಡರೆ ಒಂದು ದಿನವೂ ಕಾಯಬೇಡಿ. ಹರಿದ ಎಳೆಗಳು ಕ್ರ್ಯಾಂಕ್ ಪುಲ್ಲಿಯ ಹಿಂದೆ ಸೇರಿ ಟೈಮಿಂಗ್ ಬೆಲ್ಟನ್ನೇ ಹಾರಿಸಿ ಎಂಜಿನ್ ಹಾಳು ಮಾಡಬಲ್ಲವು.

ದಾರಿಯಲ್ಲಿ ಹರಿದರೆ

ಹರಿದದ್ದು ಎಸಿ ಬೆಲ್ಟ್ ಮಾತ್ರವಾದರೆ, ಎಂಜಿನ್ ಆಫ್ ಮಾಡಿ ಸಿಕ್ಕಿಕೊಂಡ ಚೂರುಗಳನ್ನು ಕತ್ತರಿಸಿ ತೆಗೆದು, ಎಸಿ ಹಾಕದೆ ಊರು ಸೇರಬಹುದು. ಆಲ್ಟರ್ನೇಟರ್ ಬೆಲ್ಟಾದರೆ ಡ್ಯಾಶ್‌ಬೋರ್ಡಿನಲ್ಲಿ ಬ್ಯಾಟರಿ ದೀಪ ಹತ್ತುತ್ತದೆ, ಜೊತೆಗೇ ವಾಟರ್ ಪಂಪ್ ನಿಂತಿರುತ್ತದೆ. ಘಟ್ಟ ಹತ್ತುವಾಗ ಹೀಗಾದರೆ ಟೆಂಪರೇಚರ್ ಮುಳ್ಳು ಏರಲು ಕೆಲವೇ ನಿಮಿಷ ಸಾಕು. “ಮುಂದಿನ ಊರಿನವರೆಗೆ ಹೋಗೋಣ” ಎಂದರೆ ಎಂಜಿನ್ನಿನ ಹೆಡ್ ಡೊಂಕಾಗಿ ಅದರ ಅಡಿಯ ಗ್ಯಾಸ್ಕೆಟ್ ಹೋಗುತ್ತದೆ. ಸುರಕ್ಷಿತ ಜಾಗ ನೋಡಿ ಆಗಲೇ ನಿಲ್ಲಿಸಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ನೈಲಾನ್ ಹಗ್ಗ, ಸೈಕಲ್ ಟ್ಯೂಬ್ ಕಟ್ಟುವ ಉಪಾಯ ಹೇಳುವವರಿದ್ದಾರೆ. ಗಂಟು ಪುಲ್ಲಿಯಲ್ಲಿ ನಿಲ್ಲುವುದಿಲ್ಲ, ಬಿಚ್ಚಿಕೊಂಡು ಸುತ್ತಿ ಬೇರೆ ಏನನ್ನಾದರೂ ಎಳೆದು ಹಾಕುತ್ತದೆ. ಅದರ ಬದಲು ಈಗ ತೆಗೆಯುವ ಹಳೆಯ ಬೆಲ್ಟ್ ಹರಿಯದೆ, ಎಣ್ಣೆ ಕುಡಿಯದೆ ಇದ್ದರೆ ಅದನ್ನೇ ಸುರುಳಿ ಸುತ್ತಿ 12, 14ರ ಸ್ಪ್ಯಾನರ್ ಜೊತೆ ಡಿಕ್ಕಿಯಲ್ಲಿಡಿ. ಹೊನ್ನಾವರದಿಂದ ಮನೆಗೆ ಬರಲು ಅದು ಸಾಕು.

ನೀವು ಕೇಳದ ಒಂದು ಸಂಗತಿ ನನಗೆ ಬೆಲ್ಟಿನ ಸದ್ದಿಗಿಂತ ದೊಡ್ಡದಾಗಿ ಕಾಣುತ್ತದೆ. 796 ಸಿಸಿಯ ಈ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆ. ಕೆ10 ಎಂಜಿನ್‌ನ ಆಲ್ಟೋದಂತೆ ಚೈನ್ ಅಲ್ಲ. ಕಾರು ಸೆಕೆಂಡ್‌ಹ್ಯಾಂಡ್. ಹಿಂದಿನವರು ಅದನ್ನು ಬದಲಿಸಿದ ಬಿಲ್ ನಿಮ್ಮ ಬಳಿ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿಯಿರಿ. ಕಿ.ಮೀ. ಕಡಿಮೆ ಓಡಿದ್ದರೂ ಇಷ್ಟು ವರ್ಷದಲ್ಲಿ ರಬ್ಬರು ಹಳತಾಗುತ್ತದೆ. ಅದು ಮನೆಯಲ್ಲಿ ಮಾಡುವ ಕೆಲಸವಲ್ಲ. ಗುರುತು ಒಂದು ಹಲ್ಲು ತಪ್ಪಿದರೂ ಎಂಜಿನ್ ಸರಿಯಾಗಿ ಓಡುವುದಿಲ್ಲ. ಪಂಪಿನಲ್ಲಿ ಆಟ ಅಥವಾ ಸೋರಿಕೆ ಕಂಡರೆ ಟೈಮಿಂಗ್ ಬೆಲ್ಟ್, ಅದರ ಟೆನ್ಷನರ್, ವಾಟರ್ ಪಂಪ್, ಹೊರಗಿನ ಎರಡು ಬೆಲ್ಟ್ ಎಲ್ಲವನ್ನೂ ಒಂದೇ ಸಲ ಗ್ಯಾರೇಜಿನಲ್ಲಿ ಮಾಡಿಸಿ. ಕೂಲಿ ಒಂದೇ ಸಲ ಬೀಳುತ್ತದೆ. ಬದಲಿಸಿದ ದಿನಾಂಕ, ಕಿ.ಮೀ. ಎರಡನ್ನೂ ಬಿಲ್ಲಿನ ಮೇಲೆ ಬರೆಸಿಕೊಳ್ಳಿ, ಹಳೆಯ ಬೆಲ್ಟನ್ನು ಕೇಳಿ ಪಡೆದುಕೊಳ್ಳಿ.